ನಮ್ಮ ಟೀಮ್ ಸಾಕಿಕೊಂಡ ಊರು

ಹಾರ್ಲನ್ ಫಾಲ್ಸ್, ಭಾನುವಾರ

ಅಣ್ಣಾ,

ಮಗಳ ಮನೆ ತಲುಪಿದೆ. ನಮ್ಮ ಮಾರ್ಬರಿಯಂಥ ಊರಿಗೆ ಒಳಾಂಗಣ ಫುಟ್‌ಬಾಲ್ ಟೀಮ್ ಸಾಕುವ ತಾಕತ್ತಿಲ್ಲ ಅಂತ ನೀನು ಹೇಳುತ್ತಿದ್ದೆಯಲ್ಲ, ಈ ಊರು ನಮ್ಮೂರಿನ ಅರ್ಧವೂ ಇಲ್ಲ. ನಿನ್ನೆ ಹೊರಗೆ ಹಿಮ ಸುರಿಯುತ್ತಿತ್ತು, ಆದರೂ ಆಟ ನೋಡಲು ಬಂದವರ ನಡುವೆ ಕಾಲಿಡಲೂ ಜಾಗವಿರಲಿಲ್ಲ. ನನಗಂತೂ ಹೊಟ್ಟೆ ಉರಿದುಹೋಯಿತು. ಅಂಕಣಕ್ಕೆ ಹಾಸಿರುವ ಹಸಿರು ಹಾಸು ಕೂಡ ನಮ್ಮದೇ, ಟೀಮ್ ಮುಚ್ಚಿದಾಗ ನಮ್ಮವರು ಇವರಿಗೆ ಮಾರಿದ್ದು. ನೀನು ಸಾಸಿವೆ ಸಾಸ್ ಚೆಲ್ಲಿದ ಕಲೆ ಮೂಲೆಯಲ್ಲಿ ಹಾಗೇ ಇದೆ.

ಪಕ್ಕದಲ್ಲಿ ಕೂತ ಹೆಂಗಸು ಕೇಳಿದಳು, "ನಿಮ್ಮೂರಲ್ಲಿ ಟೀಮ್ ಇಲ್ವಾ?"

"ಇತ್ತು."

"ಏನಾಯ್ತು?"

"ಅಗೋ, ಅಲ್ಲಿ ಒದೀತಿದ್ದಾನೆ ನೋಡಿ" ಅಂದೆ.

ಒದೆಯುತ್ತಿದ್ದವನು ನಮ್ಮ ಡೆಸ್ಮಂಡ್. ನಮ್ಮ ಟೀಮಿಗೆ ಆಡುತ್ತಿದ್ದಾಗ ನನ್ನ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದು ನನ್ನ ಕೈಯೂಟ ಉಂಡವನು. ಅವನು ಒದ್ದ ಚೆಂಡು ಅಂಕಣದ ಸುತ್ತಲಿನ ಗಿಡ್ಡ ಗೋಡೆ ದಾಟಿ ಸೀದಾ ನನ್ನ ಮಡಿಲಿಗೇ ಬಂದು ಬಿತ್ತು. ಜನರ ನಡುವೆ ಬಿದ್ದ ಚೆಂಡು ಸಿಕ್ಕವರದು, ನಿನಗೆ ಗೊತ್ತಲ್ಲ. ಆ ಹೆಂಗಸು ತನ್ನ ಮೊಮ್ಮಗಳನ್ನು ಮುಂದೆ ತಳ್ಳಿ, "ಪಕ್ಕದ ಮಗೂಗೆ ಕೊಟ್ಬಿಡಿ, ನಮ್ಮೂರಲ್ಲಿ ಹಾಗೇ ಮಾಡೋದು" ಅಂದಳು.

ಮಂಡಿ ನೋವು ಪರವಾಗಿಲ್ಲ. ಬುಧವಾರದ ಬಸ್ಸಿಗೆ ಬರುತ್ತೇನೆ, ನಿಲ್ದಾಣಕ್ಕೆ ಬಾ.

ಚೆಂಡು ಕೊಡಲಿಲ್ಲ. "ನಿಮಗೆ ಇಡೀ ಟೀಮೇ ಇದೆಯಲ್ಲ" ಅಂದು, ಅದನ್ನು ಕೋಟಿನೊಳಗೆ ತುರುಕಿಕೊಂಡು, ಈ ವಯಸ್ಸಿನಲ್ಲಿ ಬಸುರಿಯ ಹಾಗೆ ಹೊರಗೆ ನಡೆದೆ.

ನಿನ್ನ ತಂಗಿ,
ವಿಲ್ಮಾ