ಅತ್ತೆಗೂ ಒಂದು ಸಲೈನ್

11 ನವೆಂಬರ್, ಬೆಳಗ್ಗೆ
ರೊಟ್ಟಿ ಮುಗಿಯಿತು. ಬಡಿಯುವಾಗ ಎರಡು ಸಲ ಗೋಡೆಗೆ ಒರಗಿ ಕೂತೆ. ಕಿವಿಯಲ್ಲಿ ಗುಂಯ್ ಅನ್ನುತ್ತದೆ. ಕೊಡ ಎತ್ತಿದರೆ ಎದೆ ಢವಢವ. ಐರನ್ ಗುಳಿಗೆ ಬಿಟ್ಟು ತಿಂಗಳಾಯಿತು — ನುಂಗಿದರೆ ವಾಂತಿ, ಹೊಟ್ಟೆ ಕಲ್ಲು. ಅತ್ತೆಗೆ ಹೇಳಿದರೆ ಅದೇ ಮಾತು, ನಾವೇನು ಬಾಳ್ವೆ ಮಾಡಲಿಲ್ಲವೇ ಅಂತ.

14 ನವೆಂಬರ್
ರಾಜೇಶ್ವರದಿಂದ ಬಸ್ಸು, ಬಸವಕಲ್ಯಾಣದ ದವಾಖಾನೆ. ರಕ್ತ ಏಳು ಪಾಯಿಂಟ್ ಒಂದು. ಹನ್ನೆರಡು ಇರಬೇಕಂತೆ. ಗುಳಿಗೆ ಒಗ್ಗದಿದ್ದರೆ ಕಬ್ಬಿಣದ ಔಷಧವನ್ನು ಸಲೈನ್‌ನಲ್ಲಿ ಕೊಡೋಣ ಅಂದರು ಡಾಕ್ಟರ್. ಮುಟ್ಟಿನಲ್ಲಿ ಬಹಳ ಹೋಗುತ್ತದೆ ಅಂತ ಹೇಳುವಷ್ಟರಲ್ಲಿ ಸಾಕಾಯಿತು. ನಮ್ಮ ಮನೆಯವರು ಹೊರಗೆ ಫೋನ್ ಹಿಡಿದು ನಿಂತಿದ್ದರು.

17 ನವೆಂಬರ್
ಇವರು ಟೆಂಪೊ ಬಾಡಿಗೆಗೆ ಹೋದರು. ಅತ್ತೆಯೇ ಜೊತೆಗೆ ಬಂದರು, ಮುಖ ಗಂಟು ಹಾಕಿಕೊಂಡು. ಸಲೈನ್ ಕರೀ ಚಹಾದ ಬಣ್ಣ. ಬಾಯಲ್ಲಿ ನಾಣ್ಯ ಕಚ್ಚಿದ ರುಚಿ. ಹೆದರಿದೆ. ಸಿಸ್ಟರ್ ಸುಗಂಧಾ ಪಕ್ಕದಲ್ಲೇ ನಿಂತು ನಾಡಿ ನೋಡಿದರು. ಆಮೇಲೆ ಯಾಕೋ ಅತ್ತೆಯ ಕಡೆ ತಿರುಗಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಸುಣ್ಣದ ಹಾಗೆ ಬಿಳಿ.

"ಗಯಾಬಾಯಿ, ನಿಮಗೂ ರಕ್ತ ಭಾಳ ಹೋಗ್ತದೇನ್ರಿ?"

ಅತ್ತೆ ನನ್ನ ಕಡೆ ನೋಡಲಿಲ್ಲ. ಸೆರಗಿನ ತುದಿ ಹೊಸೆಯುತ್ತ, ಮೂರು ವರ್ಷದಿಂದ ಹೀಗೇ ಅಂದರು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಅವರ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಆರು ಪಾಯಿಂಟ್ ಮೂರು. ನನಗಿಂತ ಕಡಿಮೆ. ಅಷ್ಟೇ ರಕ್ತದಲ್ಲಿ ಹೊಲಕ್ಕೂ ಹೋಗುತ್ತಿದ್ದರು, ನನಗೂ ಬೈಯುತ್ತಿದ್ದರು.

ತಮಗೇನೂ ಬೇಡ ಅಂದರು.

9 ಡಿಸೆಂಬರ್
ಬರೆಯಲು ಕೂರಲೇ ಇಲ್ಲ. ಎರಡನೇ ಸಲೈನೂ ಆಯಿತು. ಉಸಿರು ಕೊಂಚ ಹಗುರ, ಮೈ ಇನ್ನೂ ಭಾರ. ಅತ್ತೆಗೆ ಹೇಳಿ ಹೇಳಿ ಸೋತೆ. ದವಾಖಾನೆಗೆ ಹೋದರೆ ಗರ್ಭಚೀಲ ತೆಗೆಯುತ್ತಾರೆ, ಆಮೇಲೆ ದುಡಿಯಲಾಗದು ಅಂತ ಹೆದರಿಕೆ. ಮಗನ ಮುಂದೆ ಈ ಮಾತು ಎತ್ತಬಾರದು ಅಂತ ಆಣೆ ಬೇರೆ.

13 ಡಿಸೆಂಬರ್, ಸಂಜೆ
ಅತ್ತೆ ಹೊಲದ ಬದುವಿನ ಮೇಲೆ ಕುಸಿದರು. ಪಕ್ಕದ ಹೊಲದ ಬಾಳಮ್ಮ ಕೂಗಿದಳು. ಓಡಿದೆ — ಓಡಬಲ್ಲೆ ಅಂತ ಆಗಲೇ ಗೊತ್ತಾದದ್ದು. ನೀರು ಕುಡಿಸಿದೆ. ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಕೇಳಿದರು:

"ಆ ಸಲೈನ್ ಹಚ್ಚಿದ ಮ್ಯಾಲ ನಿನಗ ಖರೇನ ಹಗುರ ಆಗ್ಯದೇನು?"

ಆಗ್ಯದರಿ ಅಂದೆ.

ಆಣೆ ಮುರಿದೆ. ಇವರಿಗೆ ಎಲ್ಲ ಹೇಳಿದೆ. ಕೇಳಿದವರೇ ಸೋಮವಾರದ ಬಾಡಿಗೆ ಬೇಡ ಅಂತ ಫೋನ್ ಮಾಡಿದರು.

16 ಡಿಸೆಂಬರ್
ನಿನ್ನೆ ಅತ್ತೆಗೆ ಹುಮನಾಬಾದ್‌ನಲ್ಲಿ ಸ್ಕ್ಯಾನ್. ಚೀಲದಲ್ಲಿ ಸಣ್ಣ ಗಂಟು. ತೆಗೆಯುವುದು ಬೇಡ, ಸದ್ಯ ರಕ್ತ ಹೋಗುವುದು ಕಡಿಮೆಯಾಗಲು ಗುಳಿಗೆ ಸಾಕು ಅಂದರು. ಇಂದು ಬಸವಕಲ್ಯಾಣದಲ್ಲಿ ಅತ್ತೆಗೆ ಸಲೈನ್. ಕೈ ಹಿಡಿದು ಕೂತೆ. ಬೀಳುವ ಹನಿ ನೋಡುತ್ತ ತಾವೇ ಮಾತು ತೆಗೆದರು.

"ನಮ್ಮವ್ವ ಹಡಿಲಾಕ ಹೋಗಿ ಸತ್ತಳು. ಹಾಲಿನಂಗ ಬೆಳ್ಳಗಿದ್ದಳು. ಬಸುರಾಗಿ ಎಷ್ಟ್ ಛಂದ ಕಾಣತಾಳ ಅಂತಿದ್ದರು ಮಂದಿ."

ಹಿಡಿದ ಕೈ ಬಿಡಲಿಲ್ಲ.

8 ಜನವರಿ
ತೊಗರಿ ರಾಶಿ. ಅತ್ತೆ ಹೊರಟು ನಿಂತರು. ಇನ್ನೊಂದು ವಾರ ತಡೆಯಿರಿ ಅಂದೆ. ಬೈದರು. ಉದ್ದಕ್ಕೆ, ಉಸಿರಿಗಾಗಿ ನಡುವೆ ಒಮ್ಮೆಯೂ ನಿಲ್ಲದೆ. ಕೇಳುತ್ತ ನಿಂತೆ. ಬುತ್ತಿ ಕಟ್ಟಿದ್ದಾಯಿತು, ನಾನೂ ಜೊತೆಗೆ — ಬಾಗಿಲಲ್ಲಿ ಅತ್ತೆ ಕರೆಯುತ್ತಿದ್ದಾರೆ, ಮತ್ತೆ ಬರೆಯುತ್ತೇನೆ.