ಇಪ್ಪತ್ತೆಂಟು ಸಲ ಸಮುದಾಯ

ಸೋಮವಾರ, ಜೂನ್ ೯

ಅನ್ಯಾಯ ಮಾಡಿದವನು ನಾನೇ. ನಮ್ಮ ಬೀದಿಯ ಕಸ ನಿರ್ವಹಣೆಗೆ ಪ್ರಾದೇಶಿಕ ಪರಿಸರ ಪ್ರಶಸ್ತಿ ತಂದುಕೊಟ್ಟ ಅರ್ಜಿ ನನ್ನದು. ಅದರ ಆರು ಪುಟಗಳಲ್ಲಿ ‘ಸಮುದಾಯ’ ಎಂಬ ಮಾತು ಇಪ್ಪತ್ತೆಂಟು ಸಲ ಇದೆ, ಕಸ ಬೇರ್ಪಡಿಸುವ ಅಕ್ಕನ ಹೆಸರು ಒಂದು ಸಲವೂ ಇಲ್ಲ. ವ್ಯಕ್ತಿಪೂಜೆ ಬೇಡ ಎಂದು ಚಳವಳಿಯ ಕರಪತ್ರಗಳಲ್ಲಿ ಓದಿ, ಎಲ್ಲರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೆ. ಈಗ ಪ್ರಶಸ್ತಿ ಪಡೆಯಲು ವೇದಿಕೆ ಹತ್ತುವವರು ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರು. ಹೋದ ಮಳೆಗಾಲದಲ್ಲಿ ಬೀದಿಗೆ ನೆರೆ ಬಂದ ದಿನ ಅವರು ಮಹಡಿಯಿಂದ ಇಳಿಯಲೇ ಇಲ್ಲ. ಎದೆಮಟ್ಟ ನೀರಿನಲ್ಲಿ ನಿಂತು ಮೋರಿಗೆ ಕಟ್ಟಿಕೊಂಡ ಕಸವನ್ನು ಎಳೆದು ಹಾಕಿದವಳು ಅಕ್ಕ.

ಸಂಜೆ ಗೊಬ್ಬರದ ಗುಂಡಿಯ ಬಳಿ ಹೋಗಿ ಅವಳಿಗೆ ಅರ್ಜಿಯನ್ನೆಲ್ಲ ಓದಿ ಹೇಳಿದೆ. ನಕ್ಕುಬಿಟ್ಟಳು.

“ಈ ಸಮುದಾಯ ಅನ್ನೋರು ಯಾರಪ್ಪ? ಅವತ್ತು ನೀರಲ್ಲಿ ನನ್ನ ಪಕ್ಕ ಯಾರೂ ಕಾಣ್ಲಿಲ್ವಲ್ಲ!”

ನಾನು ಅರ್ಜಿಯ ಹಾಳೆಗಳನ್ನು ಮಡಚತೊಡಗಿದೆ.

“ಯಾಕೆ ಮುಖ ಸಣ್ಣ ಮಾಡ್ಕೊಂಡೆ? ಬರೆದೋನು ನೀನು, ತಿದ್ದೋನೂ ನೀನೇ. ಸ್ಕೂಲಲ್ಲಿ ನನ್ನ ಕೆಲಸ ಹೇಳೋಕೆ ಮಗಳು ನಾಚ್ಕೋತಾಳೆ ಕಣೋ. ಒಂದ್ಸಲ ಮೈಕಲ್ಲಿ ಅಮ್ಮನ ಹೆಸರು ಕೇಳ್ಲಿ.”

ನಿಯಮದ ಪ್ರಕಾರ ತಿದ್ದುಪಡಿಗೆ ಅರ್ಜಿ ಬರೆದ ನಾನೂ ಹೆಸರು ಸೇರಬೇಕಾದ ಅಕ್ಕನೂ ಕಚೇರಿಯಲ್ಲಿ ಖುದ್ದಾಗಿ ಸಹಿ ಹಾಕಬೇಕು. ಅಧ್ಯಕ್ಷರು ಕೆಂಡವಾಗುತ್ತಾರೆ. ಆಗಲಿ. ಅಕ್ಕನ ಕೆಲಸ ಹತ್ತಕ್ಕೆ ಮುಗಿಯುತ್ತದೆ. ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಪ್ರಶಸ್ತಿ ಕಚೇರಿಯ ಮೆಟ್ಟಿಲ ಬಳಿ ಇಬ್ಬರೂ ಸೇರುತ್ತೇವೆ.