ಅಮ್ಮನ ಎಡೆಗೆ ಬಂದವಳು

ನವೆಂಬರ್ 1, ಸಂಜೆ

ಕುಂಬಳಕಾಯಿ ಬೆಲ್ಲದ ಪಾಕದಲ್ಲಿ ಬೆಂದಿದೆ. ತಮಾಲೆ ಕಡುಬೂ ಕಟ್ಟಿ ಮುಗಿಸಿದೆ — ಮೆಕ್ಕೆಜೋಳದ ಸಿಪ್ಪೆ ಈ ಸಲ ಗಿಡ್ಡ, ಹಿಟ್ಟು ತುಂಬಿ ಮಡಚಿದರೆ ಬಿಚ್ಚಿಕೊಳ್ಳುತ್ತದೆ. ಸೊಂಟ ಹಿಡಿದಿದೆ. ನಾಳೆ ಸಕಲ ಆತ್ಮಗಳ ದಿನ, ತೀರಿಕೊಂಡ ಅಮ್ಮ ಎಡೆಗೆ ಬರುವ ದಿನ. ಫೋಟೊ ಒರೆಸಿಟ್ಟೆ. ಚೆಂಡುಹೂ ನನ್ನ ಗಂಡ ಕೂಕೊ ಪೇಟೆಯಿಂದ ತಂದ. ಮರುಭೂಮಿ ದಾಟಿ ಬರುವಷ್ಟರಲ್ಲಿ ಅರ್ಧ ಬಾಡಿವೆ.

ಹೋದ ತಿಂಗಳು ಕೂಕೊ ಕೆಲಸ ಮಾಡುವ ಈ ವನ್ಯಜೀವಿ ಪಾರ್ಕಿನವರು ಮನೆಗೆ ಹೊಸ ಹೊಗೆ ಅಲಾರಂ ಹಾಕಿದರು. ಧೂಪ ಹಚ್ಚಿ ನೋಡಿದೆ. ಕಿರುಚಿಕೊಂಡಿತು. ಕೂಕೊ ಸ್ಟೂಲ್ ಹತ್ತಿ ಟವೆಲ್ ಬೀಸಿದ, ನನ್ನನ್ನೂ ಬೈದ, ಅಲಾರಮ್ಮನ್ನೂ ಬೈದ. ಧೂಪವಿಲ್ಲದೆ ಅಮ್ಮನಿಗೆ ದಾರಿ ಹೇಗೆ ಗೊತ್ತಾಗಬೇಕು? ಎಡೆಯನ್ನು ಹಿಂದಿನ ವರಾಂಡದಲ್ಲಿ ಇಡುತ್ತೇನೆ. ಸ್ವಲ್ಪ ಹೊತ್ತು ಮಾತ್ರ. ತಿನ್ನುವ ಪದಾರ್ಥ ಹೊರಗಿಡಬಾರದು ಅಂತ ಇಲ್ಲಿ ಕಟ್ಟುನಿಟ್ಟು, ಗೊತ್ತು. ನಾನು ಅಡುಗೆಮನೆಯಲ್ಲೇ ಇರುತ್ತೇನಲ್ಲ...

ನವೆಂಬರ್ 2, ಮಧ್ಯಾಹ್ನ



ರೊಟ್ಟಿ ಬೇಯಿಸುತ್ತಿದ್ದೆ. ಹಿಂದೆ ತಟ್ಟೆ ಸರಿದ ಸದ್ದು. ಕೂಕೊ ಕದ್ದು ತಿನ್ನುತ್ತಿದ್ದಾನೆ ಅಂದುಕೊಂಡು ಬೈಯಲು ಹೋದೆ. ಜಾಲರಿ ಬಾಗಿಲಿನಾಚೆ — ಕರಡಿ. ಹೆಣ್ಣು. ಜೊತೆಗೆ ಎರಡು ಮರಿ. ಕೈಚಾಚಿದರೆ ಮುಟ್ಟಬಹುದಿತ್ತು. ಹಸಿ ಮಣ್ಣು, ಒದ್ದೆ ನಾಯಿ, ಎರಡೂ ಸೇರಿದಂಥ ವಾಸನೆ.

ಕುಂಬಳಕಾಯಿ ಸಿಪ್ಪೆ ಸಮೇತ ತಿಂದಳು. ತಮಾಲೆಯ ಸಿಪ್ಪೆ ಮಾತ್ರ ಪಂಜದಿಂದ ಒತ್ತಿ ಹಿಡಿದು, ಒಳಗಿನದನ್ನು ನೆಕ್ಕಿ ತೆಗೆದಳು. ಒಂದು ಮರಿ ಚೆಂಡುಹೂ ಬಾಯಿಗೆ ಹಾಕಿಕೊಂಡು ಉಗಿಯಿತು. ಮೇಣದಬತ್ತಿ ಉರಿಯುತ್ತಲೇ ಇತ್ತು. ಅಮ್ಮನ ಫೋಟೊಗೆ ಅವಳ ಉಸಿರು ತಾಗಿ ಗಾಜು ಮಂಜಾಯಿತು.

ಪಾತ್ರೆ ಬಡಿಯಬೇಕಿತ್ತು. ಕಿರುಚಬೇಕಿತ್ತು. ಇಲ್ಲಿಗೆ ಬಂದ ಮೊದಲ ವಾರವೇ ಕಲಿಸಿದ್ದು ಅದು. ಆದರೆ ನಮ್ಮ ಊರಲ್ಲಿ, ಗಡಿಯ ಹೊಳೆಯಾಚೆ, ಈ ದಿನ ಎಡೆಗೆ ಬಂದವರನ್ನು ಎಬ್ಬಿಸುವುದಿಲ್ಲ. ಭಿಕ್ಷುಕ ಬರಲಿ, ಕುಡುಕ ಬರಲಿ, ನಾಯಿ ಬರಲಿ — ಸತ್ತವರ ಅತಿಥಿ. ಕೈಮುಗಿದು ನಿಂತುಬಿಟ್ಟೆ. ತಿಂದು, ಮೂತಿ ಒರೆಸಿಕೊಂಡು, ಮರಿಗಳನ್ನು ಮುಂದೆ ಬಿಟ್ಟುಕೊಂಡು ಹೋದಳು.

ಜೀವ ಉಳಿಯಿತು. ಮಾತೆ ಮರಿಯಮ್ಮ, ನಿನಗೆ ಸ್ತೋತ್ರ.

ಕೂಕೊ ಊಟಕ್ಕೆ ಬಂದ. ಖಾಲಿ ತಟ್ಟೆ ನೋಡಿದ. ನಿಮ್ಮಮ್ಮ ಬದುಕಿದ್ದಾಗ ಇಷ್ಟು ತಿನ್ನುತ್ತಿರಲಿಲ್ಲ ಅಂದ. ಹೇಳಿದೆ. ನಗು ಹೋಯಿತು. ಯಾರೂ ನೋಡಿಲ್ಲ, ಬಾಯಿ ಮುಚ್ಚಿಕೊಂಡಿರು ಅಂದ. ಮನೆ ಅವನ ಕೆಲಸದ ಜೊತೆ ಬಂದದ್ದು, ಕೆಲಸ ಹೋದರೆ ಅದೂ ಹೋಗುತ್ತದೆ.

ನವೆಂಬರ್ 3

ಇಡೀ ದಿನ ತಡೆದುಕೊಂಡೆ. ಆಗಲಿಲ್ಲ. ಇಂಗ್ರಿಡ್ ಮೇಡಂ ಹತ್ತಿರ ಹೋಗಿ ಹೇಳಿಬಿಟ್ಟೆ. ಪಾರ್ಕಿನ ಪ್ರಾಣಿಗಳೆಲ್ಲ ಅವರ ಸುಪರ್ದಿ. ಬೈತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ನೀವು ಪಾತ್ರೆ ಬಡಿದಿದ್ರೆ ಹೆದರಿ ಮರೆತುಬಿಡ್ತಿತ್ತು, ಎವುಲಾಲಿಯಾ. ಈಗ ಅದಕ್ಕೆ ನಿಮ್ಮ ಮನೆ ಅಂದ್ರೆ ಒಳ್ಳೆ ಜಾಗ."

ಮನೆಗಳಿಗೆ ನುಗ್ಗುವ ಅಭ್ಯಾಸ ಬಿದ್ದರೆ ಬೋನಿಟ್ಟು ಹಿಡಿಯಬೇಕಂತೆ. ಆಮೇಲೆ? ಕೇಳಿದೆ. ಆಮೇಲೆ ಸೂಜಿ ಅಂದರು. ಏಳದ ಹಾಗೆ.

ಒಂದು ಸಲಕ್ಕೆ ಬಿಡುತ್ತಾರಂತೆ. ಮತ್ತೆ ಬಂದರೆ ನಾನೇ ಓಡಿಸಬೇಕು. ಕನಿಕರ ತೋರಿಸದೆ. ಅದಕ್ಕೂ ಹೆದರದಿದ್ದರೆ ಬೋನು.

ಕೂಕೊ ರಾತ್ರಿಯೂಟ ಮುಗಿಸಿ ಎದ್ದು ಹೋಗಿ ವರಾಂಡವನ್ನು ವಿನೆಗರ್ ಹಾಕಿ ತೊಳೆದ, ಎರಡು ಸಲ.

ನವೆಂಬರ್ 5, ಬೆಳಿಗ್ಗೆ

ಬಂದಳು.

ಮರಿಗಳ ಸಮೇತ ಸೀದಾ ವರಾಂಡಕ್ಕೆ, ನೆಂಟರ ಮನೆಗೆ ಬಂದಂತೆ. ಎಡೆಯ ಮೇಜಿದ್ದ ಜಾಗ ಮೂಸಿದಳು. ನನ್ನನ್ನು ನೋಡಿದಳು. ಅಮ್ಮ ಕಳಿಸಿದ್ದಾಳೆ ಅಂತ ಮೂರು ದಿನದಿಂದ ಮನಸ್ಸಿನ ಮೂಲೆಯಲ್ಲಿ ಇದ್ದದ್ದು — ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆದಿರಲಿಲ್ಲ — ಅದು ಬಾಯಿಗೆ ಬಂತು.

ರೊಟ್ಟಿ ಕಾವಲಿ ತಗೊಂಡೆ, ಸೌಟು ತಗೊಂಡೆ, ಬಡಿದೆ. ಕಿವಿ ಅಲ್ಲಾಡಿಸಿದಳು, ಅಷ್ಟೆ. ಬಾಗಿಲು ತೆಗೆದು ಹೊರಗೇ ಹೋದೆ.

"ಹೋಗೇ! ಇನ್ನೇನಿದೆ ಇಲ್ಲಿ ನಿಂಗೆ? ಸಾಯ್ತೀಯ ಕಣೇ, ಮಕ್ಕಳ ತಾಯಿ ನೀನು, ತೊಲಗು!"

ಕಲ್ಲು ಎತ್ತಿದೆ. ಒಂದು ಗುರಿ ತಪ್ಪಿತು. ಇನ್ನೊಂದು ಭುಜಕ್ಕೆ ಬಿತ್ತು, ಧೊಪ್ಪನೆ. ನೋವಿಗೆ ನರಳಿದಳು, ಮನುಷ್ಯರ ಹಾಗೆ. ಓಡಿದಳು. ಒಂದು ಮರಿ ಹಿಂದೆಯೇ ಓಡಿತು.

ಇನ್ನೊಂದು ಅಂಗಳದ ಓಕ್ ಮರ ಹತ್ತಿ ಕೂತಿದೆ. ಇಳಿಯುತ್ತಿಲ್ಲ. ಅಳುತ್ತಿದೆ.

ಅದೇ ದಿನ, ಸಂಜೆ

ಬಾಗಿಲು ಹಾಕಿ ಒಳಗೇ ಇರಿ, ತಾಯಿ ಬಂದು ಕರೆದುಕೊಂಡು ಹೋಗುತ್ತೆ ಅಂತ ಇಂಗ್ರಿಡ್ ಮೇಡಂ ಫೋನಲ್ಲಿ ಹೇಳಿದರು. ಪರದೆ ಎಳೆದು ಕೂತೆ. ಜಪಸರ ಹಿಡಿದರೆ ಮಣಿ ಮುಂದೆ ಸರಿಯಲಿಲ್ಲ. ಆ ಅಳು. ಕತ್ತಲಾಗುವ ಹೊತ್ತಿಗೆ ನಿಂತಿತು. ಹೋಗಿ ನೋಡಿದರೆ ಮರ ಖಾಲಿ.

ತಾಯಿ ಬಂದಳೋ, ತಾನೇ ಇಳಿದು ಎಲ್ಲಿಗೋ ಹೋಯಿತೋ. ಈ ಗುಡ್ಡದಲ್ಲಿ ಬೆಟ್ಟದ ಸಿಂಹವೂ ಇದೆ, ಚಿರತೆಯಂಥದ್ದು.

ಕಲ್ಲು ಎಸೆದ ಕೈ ಇದೇ.

ನವೆಂಬರ್ 13

ಬರೆಯಲು ಮನಸ್ಸಾಗಿರಲಿಲ್ಲ.

ಬಂದಿಲ್ಲ. ಹೆಜ್ಜೆಯೂ ಇಲ್ಲ. ಇಂಗ್ರಿಡ್ ಮೇಡಂ ಗುಡ್ಡದ ಮೇಲೆ ಅವಳ ಲದ್ದಿ ನೋಡಿದ್ದಾರೆ. ಬರೀ ಓಕ್ ಕಾಯಿ, ಕಾಡುಹಣ್ಣು. ಮನೆಯ ಪದಾರ್ಥ ಏನೂ ಇಲ್ಲ. ಶೆಡ್ಡಿನ ಹತ್ತಿರ ತಂದಿಟ್ಟಿದ್ದ ಬೋನನ್ನು ಇವತ್ತು ವಾಪಸ್ ಕಳಿಸಿದರು. ಲಾರಿ ಖಾಲಿ ಬೋನು ಹೊತ್ತು ಗಡಗಡ ಹೋಗುವುದನ್ನು ಬೇಲಿ ಹತ್ತಿರ ನಿಂತು ನೋಡಿದೆ. ಎದೆ ಮೇಲಿಂದ ಒಂದು ಚೀಲ ಇಳಿಸಿದ ಹಾಗಾಯಿತು.

ಕೂಕೊನಿಗೂ ಏನೂ ಆಗಲಿಲ್ಲ. ವರಾಂಡದಲ್ಲಿ ಏನೂ ಇಡಬೇಡಿ ಅಂತ ಮತ್ತೊಮ್ಮೆ ಹೇಳಿದರು, ಅಷ್ಟೆ.

"ನಿನ್ನ ಬೈಗುಳ ಕೇಳಿದ ಮೇಲೆ ಯಾರು ವಾಪಸ್ ಬರ್ತಾರೆ, ಲಾಲಾ? ಇಷ್ಟು ವರ್ಷದಿಂದ ಬರ್ತಿರೋನು ನಾನೊಬ್ಬನೇ" ಅಂದ ಕೂಕೊ.

ನಗಬೇಕು ಅನ್ನಿಸಿತು, ಆಗಲಿಲ್ಲ. ಮರಿ ಎಷ್ಟು ಅಂತ ಮೇಡಂಗೆ ಕೇಳಿದ್ದೆ. ಲದ್ದಿ ನೋಡಿ ಅದು ಹೇಳಲಾಗದು ಅಂದರು.

ನವೆಂಬರ್ 16, ಇಳಿಹೊತ್ತು

ಮೆಟ್ಟಿಲ ಮೇಲೆ ಕೂತೇ ಬರೆಯುತ್ತಿದ್ದೇನೆ. ನೀರಿನ ಪಂಪು ನೋಡಲು ಹೋಗಿದ್ದ ಕೂಕೊ ಅರ್ಧ ದಾರಿಯಿಂದ ಓಡಿ ಬಂದ. ಏದುಸಿರು. ದುರ್ಬೀನು ಕೈಗಿಟ್ಟು, ನನ್ನ ತಲೆ ಹಿಡಿದು ಗುಡ್ಡದ ಕಡೆ ತಿರುಗಿಸಿದ.

ಓಕ್ ಸಾಲಿನ ಕೆಳಗೆ, ಬಂಡೆಯ ಪಕ್ಕ. ದೊಡ್ಡದು ಒಂದು. ಕಾಯಿ ಕೆರೆದು ತಿನ್ನುತ್ತಿತ್ತು. ಕುಂಟುತ್ತಿಲ್ಲ. ಅದರ ಹಿಂದೆ ಸಣ್ಣದು ಒಂದು. ಎಷ್ಟು ಹೊತ್ತು ನೋಡಿದರೂ ಒಂದೇ. ಕಣ್ಣು ತುಂಬಿ ಗಾಜೆಲ್ಲ ಮಬ್ಬಾಯಿತು. "ಮರದ ಮೇಲೆ ನೋಡೇ, ಮೇಲೆ" ಅಂದ ಕೂಕೊ.

ಮೇಲಿನ ಕೊಂಬೆಯಲ್ಲಿ, ಕಾಲು ಜೋತುಬಿಟ್ಟುಕೊಂಡು...

ಮೂರು. ಮೂರೂ ಇವೆ. ದೇವರೇ, ಮೂರೂ.

ಕೂಕೊ ದುರ್ಬೀನು ಕಿತ್ತುಕೊಂಡಿದ್ದಾನೆ. ಈಗ ಅದು ಇಳಿಯುತ್ತಿದೆಯಂತೆ, ತಲೆಕೆಳಗಾಗಿ, ತಾಯಿ ಕೆಳಗೆ ನಿಂತು — ತಾಳು ಕೂಕೊ, ನಾನೂ ನೋಡಬೇಕು...